ಲ್ಯಾಬ್‌ವ್ಯೂ ಕಲಿತವರಿಗೊಂದು ಕಿವಿಮಾತು

ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲೋ ಪೀಣ್ಯದಲ್ಲೋ ಟೆಸ್ಟ್ ಬೆಂಚಿನ ಮುಂದೆ ಕೂರುವ ಗೆಳೆಯ ಗೆಳತಿಯರೇ, ಲ್ಯಾಬ್‌ವ್ಯೂ ಕಲಿತದ್ದು ದಂಡವಾಯಿತೇ ಎಂಬ ಚಿಂತೆ ನಿಮಗಿದ್ದರೆ ಅದಕ್ಕೆ ಕಾರಣವಿದೆ. 1986ರಲ್ಲಿ ಮ್ಯಾಕಿಂಟಾಷ್‌ಗೆಂದು ಬಂದ ತಂತ್ರಾಂಶವಿದು. ಇದರ ಮುಂದಿನ ಪೀಳಿಗೆ ಎನ್ನಿಸಿಕೊಂಡಿದ್ದ ಎನ್‌ಎಕ್ಸ್‌ಜಿಯನ್ನು ನಿಲ್ಲಿಸುವುದಾಗಿ, ಇದನ್ನು ತಯಾರಿಸಿದ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ 2020ರಲ್ಲಿ ಹೇಳಿತು. 2023ರಲ್ಲಿ ಆ ಕಂಪನಿಯೇ ಎಮರ್ಸನ್ ಪಾಲಾಯಿತು.

ಹಾಗೆಂದು ಸರಿಯಾಗಿ ನಡೆಯುತ್ತಿರುವ ಜಿಗ್ಗಿನ ಪ್ರೋಗ್ರಾಮನ್ನು ಕೆಡವಿ ಹೊಸದಾಗಿ ಬರೆಯಲು ಹೊರಡಬೇಡಿ. ಮೊದಲು ಅದನ್ನು ಕಾಪಾಡಿಕೊಳ್ಳಿ. ವಿಐ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ತಲೆಬುಡ ತಿಳಿಯದು. ಹೊಸ ಆವೃತ್ತಿಯಲ್ಲಿ ಸೇವ್ ಮಾಡಿದ್ದು ಹಳೆಯದರಲ್ಲಿ ನೇರವಾಗಿ ತೆರೆಯದು. ಆದ್ದರಿಂದ ಇನ್‌ಸ್ಟಾಲರ್, ಡ್ರೈವರ್, ಲೈಸೆನ್ಸ್ ವಿವರಗಳನ್ನು ಒಂದೇ ಕಡೆ ಜೋಪಾನವಾಗಿಡಿ. ಕಿತ್ತಳೆ, ನೀಲಿ, ಹಸಿರು ವೈರುಗಳ ಬ್ಲಾಕ್ ಡಯಾಗ್ರಾಮನ್ನು ಪ್ರಿಂಟ್ ತೆಗೆದು ಫೈಲಿಗೆ ಹಾಕಿ. ಪಾಸು-ಫೇಲಿನ ಮಿತಿಗಳು ಅದರೊಳಗೇ ಅಡಗಿದ್ದರೆ ಹೊರತೆಗೆದು ಸಿಎಸ್‌ವಿ ಫೈಲಿನಲ್ಲಿ ಬರೆದಿಡಿ. ನಾಳೆ ಯಾವ ಭಾಷೆಗೆ ಹೋದರೂ ಅವು ಬೇಕೇ ಬೇಕು.

ಪೈಥಾನನ್ನು ಮಾತ್ರ ಇಂದೇ ಹಿಡಿಯಿರಿ. ಹೆದರಿಕೆ ಬೇಡ. ಮಲ್ಟಿಮೀಟರಿಗೆ ಹೋಗುವ ಎಸ್‌ಸಿಪಿಐ ಕಮಾಂಡು ಲ್ಯಾಬ್‌ವ್ಯೂ, ಪೈಥಾನ್ ಎರಡರಲ್ಲೂ ಒಂದೇ. ಗ್ರೌಂಡ್ ಎಲ್ಲಿ ಸಡಿಲವಾಗಿದೆ, ಯಾವ ರೀಡಿಂಗನ್ನು ನಂಬಬಾರದು ಎಂಬ ನಿಮ್ಮ ತಿಳಿವಳಿಕೆಯೇ ನಿಜವಾದ ಕಸುಬು, ಅದಕ್ಕೆ ವಯಸ್ಸಾಗಿಲ್ಲ.

ಕೆಂಗೇರಿ ಕಡೆಯ ಕಾಲೇಜುಗಳಿಂದ ಹೊಸದಾಗಿ ಬರುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ದಯವಿಟ್ಟು ಅದನ್ನೂ ಕಲಿಸಿ.