ಮೂರು ಪುಸ್ತಕ ಓದಿ ಒಂದು ಪ್ಯಾರಾ ಬರೆಯುವುದು ಹೇಗೆ?

ಪ್ರಾಜೆಕ್ಟ್ ವರದಿ ಒಪ್ಪಿಸುವ ವಾರ ಬಂತೆಂದರೆ ಜೆರಾಕ್ಸ್ ಅಂಗಡಿಗಳ ಮುಂದೆ ನೂಕುನುಗ್ಗಲು. ಗೆಜೆಟಿಯರಿನದೊಂದು ಪುಟ, ಯಾರದೋ ಪ್ರಬಂಧದ್ದೊಂದು ಪುಟ, ನಡುವೆ ‘ಅಲ್ಲದೆ’, ‘ಹಾಗೆಯೇ’ ಎಂಬ ಅಂಟು. ಅಧ್ಯಾಯ ಮುಗಿಯಿತು! ತೇಪೆ ಎಲ್ಲಿದೆ ಎಂಬುದು ಮೇಷ್ಟ್ರಿಗೆ ಎರಡನೇ ಸಾಲಿಗೇ ಗೊತ್ತಾಗುತ್ತದೆ.

ಕೊಳ್ಳೇಗಾಲ, ಹನೂರು, ಯಳಂದೂರುಗಳ ಆಡಳಿತದ ಇತಿಹಾಸ ನಿಮ್ಮ ವಿಷಯ ಎನ್ನಿ. ಪುಸ್ತಕ ತೆರೆಯುವ ಮುನ್ನ ಪ್ರಶ್ನೆ ಬರೆದುಕೊಳ್ಳಿ: ‘1956ಕ್ಕೆ ಮೊದಲು ಈ ಊರುಗಳು ಯಾರ ಕೈಯಲ್ಲಿದ್ದವು?’ ಟಿಪ್ಪಣಿ ಹಾಳೆಗೆ ಪುಸ್ತಕದ ಹೆಸರಲ್ಲ, ಈ ಪ್ರಶ್ನೆಯೇ ತಲೆಬರಹವಾಗಲಿ. ಪ್ರತಿ ಟಿಪ್ಪಣಿಯ ಪಕ್ಕ ಲೇಖಕರ ಹೆಸರು, ವರ್ಷ, ಪುಟಸಂಖ್ಯೆ ಆಗಲೇ ಬರೆದಿಡಿ.

ಇನ್ನು ಸಾರಾಂಶ. ಹತ್ತು ಪುಟ ಓದಿ, ಪುಸ್ತಕ ಮುಚ್ಚಿ, ಮನೆಯಲ್ಲಿ ಯಾರಿಗಾದರೂ ಎರಡೇ ಮಾತಿನಲ್ಲಿ ಹೇಳಿ. ಹೇಳಿದ್ದನ್ನೇ ಬರೆಯಿರಿ. ಇಸವಿ, ಹೆಸರು ಸರಿಯಿದೆಯೇ ಎಂದು ನೋಡಲಷ್ಟೇ ಪುಸ್ತಕ ಮತ್ತೆ ತೆರೆಯಬೇಕು.

ಕಷ್ಟವಿರುವುದು ಒಂದೇ ವಾಕ್ಯವನ್ನು ಸ್ವಂತ ಮಾತಿಗೆ ತರುವಾಗ. ಮೂಲದಲ್ಲಿ ಹೀಗಿದೆ ಎಂದುಕೊಳ್ಳಿ: ‘1807ರಲ್ಲಿ ದಿವಾನ್ ಪೂರ್ಣಯ್ಯನವರ ಸೇವೆಯನ್ನು ಮೆಚ್ಚಿ ಯಳಂದೂರನ್ನು ಅವರಿಗೆ ಜಹಗೀರಾಗಿ ನೀಡಲಾಯಿತು.’ ಹೆಚ್ಚಿನವರು ‘ಸೇವೆ’ ತೆಗೆದು ‘ಕೆಲಸ’, ‘ಜಹಗೀರು’ ತೆಗೆದು ‘ಉಂಬಳಿ’ ಹಾಕಿ ಕೈತೊಳೆದುಕೊಳ್ಳುತ್ತಾರೆ. ಅದು ಅಂಗಿ ಬದಲಿಸಿದ ನಕಲು. ವಾಕ್ಯದ ಎಲುಬು ಹಾಗೇ ಇದೆ. ನಿಮಗೆ ಬೇಕಾದದ್ದು ಊರಿನ ಕಥೆಯಾದ್ದರಿಂದ ಊರಿನಿಂದಲೇ ಶುರುಮಾಡಿ: ‘ಯಳಂದೂರು ಮೈಸೂರು ಸಂಸ್ಥಾನದೊಳಗಿನ ಜಹಗೀರು, 1807ರಲ್ಲಿ ಅದನ್ನು ಪಡೆದವರು ದಿವಾನ್ ಪೂರ್ಣಯ್ಯ.’ ಜಹಗೀರಿನಂಥ ಪಾರಿಭಾಷಿಕ ಪದವನ್ನು ಬದಲಿಸುವ ಹಟ ಬೇಡ. ಮಾತು ನಿಮ್ಮದಾದರೂ ಸಂಗತಿ ಮೂಲದ್ದು, ಆಕರ ಹೇಳಲೇಬೇಕು.

ಈಗ ಜೋಡಣೆ. ಒಂದು ಟಿಪ್ಪಣಿ ಯಳಂದೂರಿನ ಜಹಗೀರಿನದು. ಇನ್ನೊಂದರಲ್ಲಿ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತೆಂದಿದೆ. ಹನೂರು ಆಗ ಅದರೊಳಗೇ. ಮೂರನೆಯದು 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯದು. ಮೂರನ್ನೂ ಸಾಲಾಗಿ ಇಳಿಸಿದರೆ ಪಟ್ಟಿಯಾಯಿತು, ಪ್ಯಾರಾ ಆಗಲಿಲ್ಲ. ಎದುರುಬದುರು ಇಟ್ಟು ನೋಡಿ: ‘ಇಂದು ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಾದ ಕೊಳ್ಳೇಗಾಲ ಮತ್ತು ಯಳಂದೂರಿನ ನಡುವೆ 1956ರವರೆಗೂ ರಾಜ್ಯದ ಗಡಿ ಹಾದುಹೋಗಿತ್ತು.’ ಈ ವಾಕ್ಯ ನಿಮ್ಮ ಮೂರೂ ಟಿಪ್ಪಣಿಗಳಲ್ಲಿ ಇಲ್ಲ. ಅದೇ ನಿಮ್ಮ ಸಂಪಾದನೆ. ಪ್ಯಾರಾವನ್ನು ಅದರಿಂದ ಆರಂಭಿಸಿ, ಮೂರು ಆಕರಗಳನ್ನು ಆಧಾರವಾಗಿ ಕೆಳಗೆ ತನ್ನಿ. 1997ರ ಚಾಮರಾಜನಗರ ಜಿಲ್ಲೆ ಮುಂದಿನ ಪ್ಯಾರಾಕ್ಕಿರಲಿ.

ಆಕರಗಳು ಜಗಳವಾಡಿದರೆ ರಾಜಿ ಮಾಡಿಸಬೇಡಿ. ಮಲೆ ಮಹದೇಶ್ವರರ ಕಾಲದ ಬಗ್ಗೆ ವಿದ್ವಾಂಸರಿಗೆ ಒಮ್ಮತವಿಲ್ಲ. ಯಾರು ಯಾವ ಆಧಾರದಿಂದ ಏನೆನ್ನುತ್ತಾರೆ ಎಂದು ಬರೆದರೆ ಸಾಕು.

ಸಂಶೋಧನೆಗೆ ಹೋಗುವವರಿಗೆ ಯುಜಿಸಿಯ 2018ರ ನಿಯಮ ಗೊತ್ತಿರಲಿ: ಪ್ರಬಂಧದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ, 40ರವರೆಗಾದರೆ ತಿದ್ದಿ ಮತ್ತೆ ಒಪ್ಪಿಸಬೇಕು, 60 ದಾಟಿದರೆ ನೋಂದಣಿಯೇ ರದ್ದು.

ಹನೂರಿನ ಹಿರಿಯರೊಬ್ಬರು ಕೊಯಮತ್ತೂರು ಕಾಲದ ನೆನಪು ಹೇಳಿದರೆ ಅದೂ ಆಕರವೇ. ಅದಕ್ಕೆ ಪುಟಸಂಖ್ಯೆ ಇರುವುದಿಲ್ಲ. ಊರು, ಮಾತಾಡಿದ ದಿನಾಂಕ, ಅವರು ಒಪ್ಪಿದರೆ ಹೆಸರು ಬರೆಯಿರಿ.