ಗಾಳಿ ಸೋಸುವ ಸಾಣಿಗಿ



ಅವ್ವ ಜ್ವಾಳದ ಹಿಟ್ಟನ್ನು ಸಾಣಿಗಿ ಹಿಡಿದು ಸೋಸ್ತಾಳ. ಹಿಟ್ಟು ಕೆಳಗ ಬೀಳ್ತದ, ತೌಡು ಮ್ಯಾಲ ಉಳೀತದ. ಹಂಗಾದ್ರ ಗಾಳಿಯನ್ನು ಸೋಸಾಕ ಬರ್ತದೇನು? ಬರುತ್ತದೆ. ಅದರ ಸಾಣಿಗಿಯನ್ನು ಅಲ್ಯುಮಿನಿಯಂ ಹಾಳೆಗೆ ಕರೆಂಟು ಕೊಟ್ಟು ಮಾಡುತ್ತಾರೆ.

ಯಾಕೆ ಬೇಕು?
ಗೋಬರ್ ಗ್ಯಾಸಿನಲ್ಲಿ 100 ಪಾಲಿಗೆ ಸುಮಾರು 60 ಪಾಲು ಮೀಥೇನ್. ಅದು ಉರಿಯುತ್ತದೆ. ಉಳಿದದ್ದು ಬಹಳ ಮಟ್ಟಿಗೆ ಇಂಗಾಲದ ಡೈಆಕ್ಸೈಡ್. ಅದು ಉರಿಯುವುದಿಲ್ಲ, ಉರಿಯ ಕಾವನ್ನೂ ಕಡಿಮೆ ಮಾಡುತ್ತದೆ. ಅದನ್ನು ಬೇರೆ ಮಾಡಿದರೆ ಅದೇ ಸಗಣಿಯ ಗ್ಯಾಸಿನಿಂದ ಮೋಟಾರು ಗಾಡಿಯನ್ನೂ ಓಡಿಸಬಹುದು.

ಮಾಡುವ ರೀತಿ
1. ಶುದ್ಧ ಅಲ್ಯುಮಿನಿಯಂ ಹಾಳೆಯನ್ನು ನೀರು ಬೆರೆಸಿದ ಆಕ್ಸಾಲಿಕ್ ಆಮ್ಲದಲ್ಲಿ ಮುಳುಗಿಸಿ ಕರೆಂಟಿನ ಧನ ತುದಿಗೆ ಜೋಡಿಸುತ್ತಾರೆ.
2. ಹಾಳೆಯ ಮೇಲೆ ಅಲ್ಯುಮಿನಾ ಎಂಬ ಪದರು ಕಟ್ಟುತ್ತದೆ. ಅದೇ ಹೊತ್ತಿಗೆ ಆಮ್ಲ ಆ ಪದರನ್ನು ಅಲ್ಲಲ್ಲಿ ಕರಗಿಸುತ್ತದೆ. ತೂತಿನ ತಳದಲ್ಲಿ ಕರೆಂಟಿನ ಜೋರು ಹೆಚ್ಚು. ಅದಕ್ಕ ತೂತು ಬೋರ್‌ವೆಲ್ ಹೊಡೆದಂಗ ನೆಟ್ಟಗೆ ಇಳಿಯುತ್ತದೆ.
3. ಕೊನೆಗೆ ಉಳಿದ ಲೋಹವನ್ನೂ ತೂತಿನ ಮುಚ್ಚಿದ ತಳವನ್ನೂ ಕರಗಿಸುತ್ತಾರೆ. ಆಗ ಎರಡೂ ಕಡೆ ಬಾಯಿ ತೆರೆದ ಸಾಣಿಗಿ ಸಿದ್ಧ.

ವೋಲ್ಟೇಜು ಹೆಚ್ಚಿಸಿದರೆ ತೂತುಗಳ ನಡುವಿನ ಅಂತರ ಹೆಚ್ಚುತ್ತದೆ. 40 ವೋಲ್ಟಿಗೆ ಅದು ಸುಮಾರು 100 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲೇ ನ್ಯಾನೋಮೀಟರ್. ಲೆಕ್ಕ ಹಾಕಿರಿ: ಒಂದು ಚದರ ಸೆಂಟಿಮೀಟರಿನಲ್ಲಿ ಸುಮಾರು 1000 ಕೋಟಿ ತೂತು! ಅವು ಜೇನುಗೂಡಿನಂತೆ ಸಾಲಾಗಿ ಬೀಳುವ ರೀತಿಯನ್ನು 1995ರಲ್ಲಿ ಜಪಾನಿನ ಮಸುದಾ ಮತ್ತು ಫುಕುದಾ ತೋರಿಸಿದರು.

ಅಲ್ಯುಮಿನಾ ನಮಗೆ ದೂರದ್ದಲ್ಲ. ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರಿನಿಂದ ಅಲ್ಯುಮಿನಾ ಪುಡಿ ತೆಗೆಯುತ್ತಾರೆ.

ಬೇರೆಯಾಗುವುದು ಹೇಗೆ?
ಇಲ್ಲಿ ಒಂದು ಮಾತು ನೆನಪಿಡಿ. ಮೀಥೇನ್ ಅಣು ಅರ್ಧ ನ್ಯಾನೋಮೀಟರಿಗಿಂತ ಸಣ್ಣದು. ತೂತು ಹತ್ತಾರು ನ್ಯಾನೋಮೀಟರ್ ಅಗಲ. ಅಂದರೆ ಎರಡೂ ಗ್ಯಾಸು ದಾಟುತ್ತವೆ! ಬೇರೆ ಮಾಡುವುದು ತೂತಿನ ಅಳತೆ ಅಲ್ಲ, ಓಟದ ವೇಗ. ಯಲ್ಲಮ್ಮನ ಜಾತ್ರ್ಯಾಗ ಸಣ್ಣ ಓಣಿ ಹಿಡಿದು ಹೋಗುವಾಗ ಬರಿಗೈ ಹುಡುಗರು ಮುಂದ, ಗಂಟು ಹೊತ್ತವರು ಹಿಂದ. ಹಾಗೆಯೇ ಹಗುರ ಗ್ಯಾಸು ಬೇಗ ದಾಟುತ್ತದೆ. ಇದರ ನಿಯಮವನ್ನು 19ನೇ ಶತಮಾನದಲ್ಲಿ ಥಾಮಸ್ ಗ್ರಹಾಂ ಕಂಡುಹಿಡಿದರು. ಭಾರವನ್ನು ಭಾರದಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು.

ಜಲಜನಕ 2, ಆಮ್ಲಜನಕ 32: ಜಲಜನಕದ ವೇಗ 4 ಪಟ್ಟು.
ಮೀಥೇನ್ 16, ಇಂಗಾಲದ ಡೈಆಕ್ಸೈಡ್ 44: ಮೀಥೇನಿನ ವೇಗ ಬರೀ 1.66 ಪಟ್ಟು.

ಹೀಗಾಗಿ ಒಂದು ಸಲ ಸೋಸಿದರೆ 60 ಪಾಲು ಇದ್ದ ಮೀಥೇನ್ ಹೆಚ್ಚೆಂದರೆ 71 ಪಾಲು ಆಗುತ್ತದೆ. ಇಷ್ಟು ಸಾಲದು. ಅದಕ್ಕೆ ವಿಜ್ಞಾನಿಗಳು ಈ ಸಾಣಿಗಿಯ ಮೇಲೆ ಇನ್ನೂ ಸೂಕ್ಷ್ಮವಾದ ಪದರು ಹಚ್ಚಿ ನೋಡುತ್ತಿದ್ದಾರೆ. ಸೋಸುವ ಕೆಲಸ ಆ ಪದರಿನದು, ಅದನ್ನು ಹೊತ್ತು ನಿಲ್ಲುವ ಕೆಲಸ ಅಲ್ಯುಮಿನಾದ್ದು.

ಎಚ್ಚರಿಕೆ: ಆಮ್ಲ, ಕರೆಂಟು ಎರಡೂ ಅಪಾಯ. ಮನ್ಯಾಗ ಮಾಡಾಕ ಹೋಗಬ್ಯಾಡ್ರಿ.

ಪ್ರಶ್ನೆ: 2021ರಲ್ಲಿ ಕೊರೊನಾ ಬಂದಾಗ ಜನ ಆಮ್ಲಜನಕಕ್ಕಾಗಿ ಪರದಾಡಿದರು. ಬರೀ ಇದೇ ಸಾಣಿಗಿಯಿಂದ ಗಾಳಿಯೊಳಗಿನ ಆಮ್ಲಜನಕ (32) ಮತ್ತು ಸಾರಜನಕ (28) ಬೇರೆ ಮಾಡಬಹುದಿತ್ತೇ? ಲೆಕ್ಕ ಮಾಡಿ ಉತ್ತರ ಬರೆಯಿರಿ.

– 7ನೇ ತರಗತಿ, ನವಿಲುತೀರ್ಥ