ಕೋಡ್ ಬರೆಯುವವರ ರಾಜಕೀಯ ಮಾತು: ಠಾಣೆಯಿಂದ ನೋಟಿಸ್ ಬಂದಾಗ

2014ರ ಡಿಸೆಂಬರ್ ಕೊನೆಯಲ್ಲಿ ದೇಶದ ಎಷ್ಟೋ ಪ್ರೋಗ್ರಾಮರ್‌ಗಳಿಗೆ ಗಿಟ್‌ಹಬ್ ತೆರೆಯಲಿಲ್ಲ. ಪೇಸ್ಟ್‌ಬಿನ್ ಇಲ್ಲ, ವಿಮಿಯೊ ಇಲ್ಲ, ಇಂಟರ್ನೆಟ್ ಆರ್ಕೈವ್ ಕೂಡ ಇಲ್ಲ. ಐಸಿಸ್ ಉಗ್ರರಿಗೆ ಸಂಬಂಧಿಸಿದ ಬರಹ ಈ ತಾಣಗಳಲ್ಲಿದೆ ಎಂದು ಮಹಾರಾಷ್ಟ್ರದ ಭಯೋತ್ಪಾದನಾ ನಿಗ್ರಹ ದಳ ಹೇಳಿದ್ದರಿಂದ ಕೇಂದ್ರ ಸರ್ಕಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ ಬಳಸಿ 32 ವಿಳಾಸಗಳನ್ನು ತಡೆದಿತ್ತು. ಕೆಲವು ತಾಣಗಳು ಕೆಲವೇ ದಿನಗಳಲ್ಲಿ ಮತ್ತೆ ತೆರೆದುಕೊಂಡವು. ‘ನಮಗೂ ರಾಜಕೀಯಕ್ಕೂ ಏನು ಸಂಬಂಧ’ ಎನ್ನುತ್ತಿದ್ದ ಎಂಜಿನಿಯರ್‌ಗಳು ಆ ವಾರವಿಡೀ ಅದೇ ಕಲಂ ಬಗ್ಗೆ ಮಾತಾಡಿದರು.

ಈಗಂತೂ ಕೋಡನ್ನೂ ರಾಜಕೀಯವನ್ನೂ ಬೇರೆ ಮಾಡುವುದು ಕಷ್ಟ. ಜಾವಾದ ದೋಷ ಕೇಳಿದ ಗುಂಪಿನಲ್ಲೇ ಆಧಾರ್, ಮತಯಂತ್ರ, ಮೀಸಲಾತಿ, ಕಾಶ್ಮೀರ ಎಲ್ಲವೂ ಬರುತ್ತವೆ. ಹೀಗೆ ಬರೆದದ್ದಕ್ಕೆ ದೂರು ದಾಖಲಾದರೆ ಅಭಿವ್ಯಕ್ತಿ ಸ್ವಾತಂತ್ರ್ಯದ ದೊಡ್ಡ ವಾದ ನ್ಯಾಯಾಲಯದಲ್ಲಿ ನಡೆಯುವುದು ತಡವಾಗಿ. ಅದಕ್ಕೂ ಮೊದಲು ಮನುಷ್ಯನನ್ನು ಕಾಯುವುದು ಕಾಗದಪತ್ರ: ನೋಟಿಸು, ಮಹಜರು, ಬಂಧನದ ಕಾರಣ ಬರೆದ ಹಾಳೆ. ನಮ್ಮ ಓದಿದ ಜನಕ್ಕೂ ಈ ಭಾಗವೇ ಗೊತ್ತಿರುವುದು ಕಡಿಮೆ.

ಯಾವುದು ಅಪರಾಧ, ಯಾವುದು ಅಲ್ಲ

ಆನ್‌ಲೈನಿನ ‘ಆಕ್ಷೇಪಾರ್ಹ’ ಮಾತನ್ನು ಅಪರಾಧವಾಗಿಸಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ಸತ್ತಿದೆ. ಬಾಳ ಠಾಕ್ರೆ ನಿಧನದ ನಂತರದ ಬಂದ್ ಬಗ್ಗೆ 2012ರಲ್ಲಿ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ಬರೆದಳು, ಗೆಳತಿ ಅದಕ್ಕೆ ಲೈಕ್ ಒತ್ತಿದಳು, ಇಬ್ಬರ ಬಂಧನವೂ ಆಯಿತು. ಅದರ ಬೆನ್ನಿಗೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು 66ಎ ರದ್ದಾಯಿತು. ಚರ್ಚೆ ಬೇರೆ, ಪ್ರತಿಪಾದನೆ ಬೇರೆ, ಪ್ರಚೋದನೆ ಬೇರೆ. ಮೊದಲೆರಡು ಎಷ್ಟೇ ಕಹಿಯಾಗಿದ್ದರೂ ಸಂವಿಧಾನದ ರಕ್ಷಣೆಯಲ್ಲಿವೆ ಎಂಬುದು ಆ ತೀರ್ಪಿನ ತಿರುಳು. ಆಮೇಲೂ ಪೊಲೀಸರು ಸತ್ತ ಕಲಮಿನಡಿ ಕೇಸು ಹಾಕುತ್ತಲೇ ಇದ್ದರು. ಹಾಗೆ ಯಾರನ್ನೂ ವಿಚಾರಣೆಗೆ ಗುರಿಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಮತ್ತೆ ಹೇಳಬೇಕಾಯಿತು. ನಿಮ್ಮ ಎಫ್‌ಐಆರ್‌ನಲ್ಲಿ 66ಎ ಕಂಡರೆ ವಕೀಲರಿಗೆ ಮೊದಲು ತೋರಿಸಬೇಕಾದ ಸಾಲು ಅದೇ.

ಇಂದು ರಾಜಕೀಯ ಬರಹಕ್ಕೆ ಹೆಚ್ಚಾಗಿ ಬಳಕೆಯಾಗುವುದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂಗಳು. ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದಕ್ಕೆ 196, ಧಾರ್ಮಿಕ ಭಾವನೆಯನ್ನು ದುರುದ್ದೇಶದಿಂದ ನೋಯಿಸುವುದಕ್ಕೆ 299, ಜನರಲ್ಲಿ ಭಯ ಅಥವಾ ವೈಷಮ್ಯ ಹುಟ್ಟಿಸುವ ಸುಳ್ಳು ಸುದ್ದಿಗೆ 353. ಈ ಮೂರರಲ್ಲೂ ಸಾಮಾನ್ಯವಾಗಿ ಶಿಕ್ಷೆಯ ಮಿತಿ 3 ವರ್ಷ. ದೇಶದ ಸಾರ್ವಭೌಮತೆಗೆ ಧಕ್ಕೆ ತರುವ ಕೃತ್ಯದ 152 ಮಾತ್ರ ಬಹಳ ಭಾರವಾದದ್ದು, ಜೀವಾವಧಿಯವರೆಗೂ ಹೋಗುತ್ತದೆ. ಆದರೆ ಅದಕ್ಕೊಂದು ವಿವರಣೆಯೂ ಇದೆ: ಸರ್ಕಾರದ ಕ್ರಮವನ್ನು ಕಾನೂನುಬದ್ಧವಾಗಿ ಬದಲಿಸಬೇಕೆಂದು ಟೀಕಿಸುವುದಷ್ಟೇ ಅಪರಾಧವಾಗದು. ಇನ್ನು ಮಾನಹಾನಿ, ಅಂದರೆ 356ನೇ ಕಲಂ, ಪೊಲೀಸರು ನೇರವಾಗಿ ಹಿಡಿದೊಯ್ಯುವ ಅಪರಾಧವಲ್ಲ. ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ‘ನಾಯಕರ ಮಾನ ಹೋಯಿತು, ಠಾಣೆಗೆ ಬಾ’ ಎಂದು ಯಾರಾದರೂ ಫೋನಿನಲ್ಲಿ ಗದರಿಸಿದರೆ ಇದು ನೆನಪಿರಲಿ.

ಟೀಕೆಗೂ ದ್ವೇಷಕ್ಕೂ ನಡುವಿನ ಗೆರೆ ಎಲ್ಲಿ ಎಂಬುದಕ್ಕೆ 2024ರ ಮಾರ್ಚ್ 7ರ ತೀರ್ಪೊಂದು ನೆರವಾಗುತ್ತದೆ. ಕೊಲ್ಹಾಪುರದ ಕಾಲೇಜೊಂದರ ಪ್ರಾಧ್ಯಾಪಕರು ವಾಟ್ಸಾಪ್ ಸ್ಟೇಟಸ್‌ನಲ್ಲಿ 370ನೇ ವಿಧಿ ತೆಗೆದ ದಿನವನ್ನು ಕರಾಳ ದಿನ ಎಂದಿದ್ದರು. ಆಗಸ್ಟ್ 14ರಂದು ಪಾಕಿಸ್ತಾನಕ್ಕೆ ಸ್ವಾತಂತ್ರ್ಯ ದಿನದ ಶುಭಾಶಯವನ್ನೂ ಹಾಕಿದ್ದರು. ಸುಪ್ರೀಂ ಕೋರ್ಟ್ ಆ ಎಫ್‌ಐಆರ್ ರದ್ದು ಮಾಡಿತು. ಇಂಥ ಮಾತಿನ ಪರಿಣಾಮವನ್ನು ಸ್ಥಿರಚಿತ್ತದ, ವಿವೇಕವುಳ್ಳ ಓದುಗನ ಮನಸ್ಸಿನಿಂದ ಅಳೆಯಬೇಕೇ ಹೊರತು ಎಲ್ಲದರಲ್ಲೂ ಅಪಾಯ ಕಾಣುವ ದುರ್ಬಲ ಮನಸ್ಸಿನಿಂದಲ್ಲ ಎಂಬುದು ಅಲ್ಲಿನ ಮಾನದಂಡ. ಮರುವರ್ಷ, 2025ರ ಮಾರ್ಚ್ 28ರಂದು, ಸಂಸದ ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ ಪ್ರಕ್ರಿಯೆಯ ಮಾತೂ ಬಂತು. ಮಾತು, ಬರಹಕ್ಕೆ ಸಂಬಂಧಿಸಿದ ಆರೋಪದಲ್ಲಿ ಶಿಕ್ಷೆ 3 ವರ್ಷದಿಂದ 7 ವರ್ಷದೊಳಗಿನದಾಗಿದ್ದರೆ ಎಫ್‌ಐಆರ್‌ಗೆ ಮುನ್ನ, ಅಪರಾಧ ಪ್ರಕ್ರಿಯೆಯ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3)ರಂತೆ, ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸುವುದೇ ಯುಕ್ತ ಎಂದಿತು ಕೋರ್ಟ್. ಇನ್ನೊಂದು ತಡೆಗೋಡೆ ಅದೇ ಸಂಹಿತೆಯ 217ನೇ ಕಲಂ: ನ್ಯಾಯ ಸಂಹಿತೆಯ 152, 196, 299 ಇವುಗಳಲ್ಲಿ ಸರ್ಕಾರದ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯ ಪ್ರಕರಣವನ್ನು ಪರಿಗಣನೆಗೆ ತೆಗೆದುಕೊಳ್ಳುವಂತಿಲ್ಲ. ಎಫ್‌ಐಆರ್‌ಗಾಗಲೀ ತನಿಖೆಗಾಗಲೀ ಇದು ಅಡ್ಡಿಯಲ್ಲ ಎಂಬುದು ಬೇಸರದ ಸಂಗತಿ.

ಬರೆದದ್ದು ನಾನಲ್ಲ, ಕಳಿಸಿದ್ದಷ್ಟೇ

ಈ ಸಮಜಾಯಿಷಿ ಅಷ್ಟಾಗಿ ನಿಲ್ಲದು. ಮಹಿಳಾ ಪತ್ರಕರ್ತರನ್ನು ಹೀನಾಯವಾಗಿ ನಿಂದಿಸಿದ ಪೋಸ್ಟ್ ಹಂಚಿಕೊಂಡ ತಮಿಳು ನಟ, ರಾಜಕಾರಣಿ ಎಸ್.ವಿ. ಶೇಖರ್ ‘ಓದದೆ ಕಳಿಸಿದೆ’ ಎಂದರು, ಕ್ಷಮೆಯನ್ನೂ ಕೇಳಿದರು. ಆದರೂ 2023ರಲ್ಲಿ ಸುಪ್ರೀಂ ಕೋರ್ಟ್ ಕೇಸು ರದ್ದುಪಡಿಸಲು ಒಪ್ಪಲಿಲ್ಲ. ಲೈಕ್ ಒತ್ತುವುದು ಪ್ರಕಟಣೆಯಲ್ಲ ಎಂದು ಅಲಹಾಬಾದ್ ಹೈಕೋರ್ಟ್ 2025ರಲ್ಲಿ ಹೇಳಿದೆ. ಗುಂಪಿನ ಸದಸ್ಯ ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ತೀರ್ಪಿತ್ತಿದೆ. ಜಂಟಿಯಾಗಿ ತಿದ್ದುವ ದಾಖಲೆಗಳ ವಿಷಯಕ್ಕೆ ಬಂದರೆ ಬೆಂಗಳೂರಿನ ಪರಿಸರ ಕಾರ್ಯಕರ್ತೆ ದಿಶಾ ರವಿ ಅವರ, ರೈತ ಹೋರಾಟದ ದಾಖಲೆಗೆ ಸಂಬಂಧಿಸಿದ ‘ಟೂಲ್‌ಕಿಟ್’ ಪ್ರಕರಣವಿದೆ. 2021ರ ಫೆಬ್ರುವರಿಯಲ್ಲಿ ಜಾಮೀನು ಕೊಡುತ್ತ ದೆಹಲಿಯ ಸೆಷನ್ಸ್ ನ್ಯಾಯಾಲಯ, ವಾಟ್ಸಾಪ್ ಗುಂಪು ಮಾಡುವುದಾಗಲೀ ನಿರುಪದ್ರವಿ ದಾಖಲೆಯೊಂದನ್ನು ತಿದ್ದುವುದಾಗಲೀ ಅಪರಾಧವಲ್ಲ ಎಂದಿತು. ಆದರೆ ಅಷ್ಟು ಹೊತ್ತಿಗೆ ಅವರು ಹತ್ತು ದಿನ ಬಂಧನದಲ್ಲಿ ಕಳೆದಾಗಿತ್ತು.

ಕೋಡ್ ಕೂಡ ಮಾತಿನಂತೆಯೇ ಅಪರಾಧವಾಗಬಹುದು. ಮುಸ್ಲಿಂ ಮಹಿಳೆಯರನ್ನು ‘ಹರಾಜಿ’ಗಿಟ್ಟ ಎರಡು ಆ್ಯಪ್‌ಗಳು 2021 ಮತ್ತು 2022ರಲ್ಲಿ ಗಿಟ್‌ಹಬ್‌ನಲ್ಲೇ ಕಾಣಿಸಿಕೊಂಡವು, ಎರಡನೆಯದರಲ್ಲಿ ಮುಂಬೈ ಪೊಲೀಸರು ಬೆಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನನ್ನು ಬಂಧಿಸಿದರು. ಇದನ್ನು ರಾಜಕೀಯ ಅಭಿಪ್ರಾಯ ಎಂದು ಸಮರ್ಥಿಸಿದವರೂ ಇದ್ದರಂತೆ. ಅಭಿಪ್ರಾಯಕ್ಕೂ ಹೆಣ್ಣುಮಕ್ಕಳ ಬೇಟೆಗೂ ವ್ಯತ್ಯಾಸ ಕಾಣದವರಿಗೆ ಈ ಲೇಖನದಿಂದ ಉಪಯೋಗವಿಲ್ಲ.

ನೋಟಿಸು ಕೈಗೆ ಬಂತು

ಮೊದಲು ನೋಡಬೇಕಾದ್ದು ಅದು ಯಾವ ಕಲಮಿನ ನೋಟಿಸು ಎಂಬುದನ್ನು. ನಾಗರಿಕ ಸುರಕ್ಷಾ ಸಂಹಿತೆಯ 179 ಎಂದಿದ್ದರೆ ಸಾಕ್ಷಿಯಾಗಿ ಕರೆದಿದ್ದಾರೆ. ಮಹಿಳೆಯರನ್ನೂ 60 ದಾಟಿದವರನ್ನೂ ಅವರ ಮನೆಯಲ್ಲೇ ವಿಚಾರಿಸಬೇಕು. 94 ಎಂದಿದ್ದರೆ ದಾಖಲೆ ಅಥವಾ ಸಾಧನ ಹಾಜರುಪಡಿಸಲು ಹೇಳುತ್ತಿದ್ದಾರೆ. 35(3) ಎಂದಿದ್ದರೆ ನಿಮ್ಮ ಮೇಲೆ ಶಂಕೆಯಿದೆ, ಆದರೆ ಸದ್ಯ ಬಂಧನ ಬೇಕಿಲ್ಲ ಎಂದರ್ಥ. ಇದನ್ನು ಕಂಡು ಬೆವರುವವರೇ ಹೆಚ್ಚು. ನನ್ನ ಮಟ್ಟಿಗೆ ಇದು ಒಳ್ಳೆಯ ಕಾಗದ. ಹೇಳಿದ ದಿನ ಹಾಜರಾಗುತ್ತಿರುವವರೆಗೆ, ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ಹಾಜರಾಗದೆ ಉಳಿದರೆ ಆ ರಕ್ಷಣೆ ಹೋಗುತ್ತದೆ. ಊರಲ್ಲಿಲ್ಲ, ಆಸ್ಪತ್ರೆಯಲ್ಲಿದ್ದೀರಿ, ರಿಲೀಸ್ ಇದೆ ಎಂದಾದರೆ ಕಾರಣ ಬರೆದು ಬೇರೆ ದಿನಾಂಕ ಕೇಳಿ, ಸ್ವೀಕೃತಿ ಪಡೆಯಿರಿ. (ರಿಲೀಸ್ ಕಾರಣಕ್ಕೆ ತನಿಖಾಧಿಕಾರಿ ಒಪ್ಪುತ್ತಾರೆ ಎಂಬ ಭರವಸೆ ನಾನು ಕೊಡಲಾರೆ.)

35ನೇ ಕಲಮಿನ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಜಾರಿಯಾದಂತಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸತೇಂದರ್ ಕುಮಾರ್ ಅಂತಿಲ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹಾಗೆಂದು ಅದನ್ನು ಕಡೆಗಣಿಸುವುದೂ ಜಾಣತನವಲ್ಲ. ಠಾಣೆಯ ಅಧಿಕೃತ ನಂಬರಿಗೆ ಕರೆ ಮಾಡಿ ನಿಜವೇ ಎಂದು ವಿಚಾರಿಸಿ. ವಿಡಿಯೊ ಕರೆಯಲ್ಲಿ ಸಮವಸ್ತ್ರ ತೊಟ್ಟು ‘ಡಿಜಿಟಲ್ ಅರೆಸ್ಟ್’ ಎಂದರೆ ಅದು ವಂಚನೆ. ಅಂಥದ್ದೊಂದು ನಮ್ಮ ಕಾನೂನಿನಲ್ಲಿಲ್ಲ. 1930ಕ್ಕೆ ದೂರು ಕೊಡಿ.

ಪ್ರೋಗ್ರಾಮರ್‌ಗಳು ಎಡವುವ ಜಾಗ ಇನ್ನೊಂದಿದೆ. ನೋಟಿಸು ಬಂದ ಕೂಡಲೇ ಖಾತೆ ಅಳಿಸುವುದು, ಗಿಟ್ ಇತಿಹಾಸವನ್ನೇ ಹೊಸದಾಗಿ ಬರೆದು ಮೇಲೆ ತಳ್ಳುವುದು, ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡುವುದು. ಮೂಲ ಪೋಸ್ಟು ನಿರ್ದೋಷವಾಗಿದ್ದರೂ ಸಾಕ್ಷ್ಯವಾಗಬಹುದಾದ ವಿದ್ಯುನ್ಮಾನ ದಾಖಲೆಯನ್ನು ನಾಶಮಾಡುವುದು ನ್ಯಾಯ ಸಂಹಿತೆಯ 241ರಡಿ ಬೇರೆಯದೇ ಅಪರಾಧ. 3 ವರ್ಷದವರೆಗೆ ಶಿಕ್ಷೆ. ಬೇರೆಯವರ ಕ್ಲೋನ್‌ಗಳಲ್ಲಿ, ಸ್ಕ್ರೀನ್‌ಶಾಟ್‌ಗಳಲ್ಲಿ ಅದು ಹೇಗೂ ಉಳಿದಿರುತ್ತದೆ. ಅಳಿಸುವ ಬದಲು ಇಡೀ ಚರ್ಚೆಯನ್ನು, ಹಿಂದುಮುಂದಿನ ಮಾತುಗಳ ಸಮೇತ, ದಿನಾಂಕ ಕಾಣುವಂತೆ ಉಳಿಸಿಕೊಳ್ಳಿ. ವ್ಯಂಗ್ಯವನ್ನು ವ್ಯಂಗ್ಯವೆಂದು ತೋರಿಸುವುದು ಅದರ ಸಂದರ್ಭವೇ.

ಫೋನ್, ಲ್ಯಾಪ್‌ಟಾಪ್ ಜಪ್ತಿಯಾದರೆ ಮಹಜರಿನ ಪ್ರತಿ ಕೇಳಿ. ಶೋಧ ಮತ್ತು ಜಪ್ತಿಯನ್ನು ದೃಶ್ಯ, ಧ್ವನಿ ಸಹಿತ ಚಿತ್ರೀಕರಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಹೇಳುತ್ತದೆ. ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ ನಮೂದಿಸಬೇಕು. ಹ್ಯಾಶ್ ಎಂದರೇನೆಂದು ನಿಮಗೆ ವಿವರಿಸಬೇಕಿಲ್ಲ. ಜಪ್ತಿಯ ಹೊತ್ತಿಗೇ ಅದನ್ನು ತೆಗೆದು ಬರೆಸುವಂತೆ ವಿನಂತಿಸಿ, ಒಪ್ಪದಿದ್ದರೆ ಆಕ್ಷೇಪವನ್ನು ಲಿಖಿತವಾಗಿ ಕೊಡಿ. ಪಾಸ್‌ವರ್ಡ್ ವಿಷಯ ತೊಡಕಿನದು. ವೀರೇಂದ್ರ ಖನ್ನಾ ಪ್ರಕರಣದಲ್ಲಿ (2021) ಕರ್ನಾಟಕ ಹೈಕೋರ್ಟ್, ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಾಗದು ಎಂದಿತು. ಆದರೆ ಆರೋಪಿ ಕೊಡಲು ಒಪ್ಪದಿದ್ದರೆ ತನಿಖಾಧಿಕಾರಿ ನ್ಯಾಯಾಲಯಕ್ಕೆ ಹೋಗಿ ಶೋಧನಾ ವಾರಂಟ್ ಪಡೆಯಬೇಕು ಎಂದೂ ಹೇಳಿತು. ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯ 2022ರಲ್ಲಿ ಬೇರೆ ನಿಲುವು ತಳೆದಿದೆ. ಠಾಣೆಯಲ್ಲಿ ಇದರ ಮೇಲೆ ವಾದಕ್ಕಿಳಿಯದೆ ‘ವಕೀಲರ ಜೊತೆ ಮಾತಾಡಿ ಉತ್ತರಿಸುತ್ತೇನೆ’ ಎಂದು ಬರೆದುಕೊಟ್ಟರೆ ಸಾಕು.

ಕೇಸು ಬೇರೆ ರಾಜ್ಯದಲ್ಲಿ

ಬೆಳ್ಳಂದೂರಿನಲ್ಲಿ ಕೂತು ಬರೆದದ್ದಕ್ಕೆ ಉತ್ತರ ಪ್ರದೇಶದಲ್ಲಿ ಎಫ್‌ಐಆರ್ ಆಗಬಹುದು. ನೋಕಿಯಾದಲ್ಲಿ ಎಂಜಿನಿಯರ್ ಆಗಿದ್ದು ಆಮೇಲೆ ಸುದ್ದಿಗಳ ಸತ್ಯಾಸತ್ಯತೆ ಪರಿಶೀಲಿಸುವ ಆಲ್ಟ್ ನ್ಯೂಸ್ ತಾಣ ಕಟ್ಟಿದವರಲ್ಲಿ ಒಬ್ಬರಾದ ಮೊಹಮ್ಮದ್ ಜುಬೇರ್ ಅವರನ್ನು 2022ರ ಜೂನ್‌ನಲ್ಲಿ ದೆಹಲಿ ಪೊಲೀಸರು 2018ರ ಟ್ವೀಟೊಂದಕ್ಕಾಗಿ ಬಂಧಿಸಿದರು. ಬೆಂಗಳೂರಿನ ಮನೆಯಲ್ಲಿ ಲ್ಯಾಪ್‌ಟಾಪ್ ಹುಡುಕಿದರು. ಒಂದರ ಹಿಂದೆ ಒಂದರಂತೆ ಉತ್ತರ ಪ್ರದೇಶದ ಎಫ್‌ಐಆರ್‌ಗಳೂ ಮೇಲೆದ್ದವು. ಜುಲೈ 20ರಂದು ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟು, ಆ ಪ್ರಕರಣಗಳನ್ನೆಲ್ಲ ದೆಹಲಿಗೆ ವರ್ಗಾಯಿಸಿತು. ಟ್ವೀಟ್ ಮಾಡಬಾರದೆಂಬ ಷರತ್ತು ಹಾಕಿ ಎಂದು ಉತ್ತರ ಪ್ರದೇಶ ಕೇಳಿತು. ವಕೀಲನಿಗೆ ವಾದಿಸಬೇಡ ಎಂದಂತಾಗುತ್ತದೆ ಎಂದು ಪೀಠ ನಿರಾಕರಿಸಿತು.

ಎಲ್ಲರೂ ನೇರ ಸುಪ್ರೀಂ ಕೋರ್ಟಿಗೆ ಹೋಗಲಾರರು. ಅಂಥವರಿಗೆ ಉಪಯೋಗಕ್ಕೆ ಬರುವುದು ಪ್ರಿಯಾ ಇಂದೋರಿಯಾ ವಿರುದ್ಧ ಕರ್ನಾಟಕ ರಾಜ್ಯ ಎಂಬ 2023ರ ನವೆಂಬರ್‌ನ ತೀರ್ಪು. ಎಫ್‌ಐಆರ್ ಬೇರೆ ರಾಜ್ಯದ್ದಾದರೂ ನೀವಿರುವ ಊರಿನ ಸೆಷನ್ಸ್ ನ್ಯಾಯಾಲಯ ಅಥವಾ ಹೈಕೋರ್ಟ್, ಸೂಕ್ತ ಕಾರಣವಿದ್ದರೆ, ಸೀಮಿತ ಅವಧಿಯ ನಿರೀಕ್ಷಣಾ ಜಾಮೀನು ನೀಡಬಹುದು. ಆ ಅವಧಿಯಲ್ಲಿ ಅಲ್ಲಿನ ನ್ಯಾಯಾಲಯಕ್ಕೆ ಹೋಗಬೇಕು. ಎಫ್‌ಐಆರ್ ಪ್ರತಿ ಸಿಗಲಿಲ್ಲವೆಂದು ಕೂರಬೇಡಿ: ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕೆಂಬ ನಿರ್ದೇಶನ 2016ರಿಂದಲೇ ಇದೆ.

ಬಂಧನವೇ ಆದರೆ ಅದರ ಕಾರಣವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು; 2025ರ ನವೆಂಬರ್ 6ರ ಮಿಹಿರ್ ರಾಜೇಶ್ ಶಾ ತೀರ್ಪು ಇದನ್ನು ಎಲ್ಲ ಅಪರಾಧಗಳಿಗೂ ಅನ್ವಯಿಸಿದೆ. ಮನೆಯವರಿಗೆ ತಿಳಿಸಬೇಕು. ವಿಚಾರಣೆಯ ನಡುವೆ ವಕೀಲರನ್ನು ಕಾಣಲು ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಂ ಅವಕಾಶ ಕೊಡುತ್ತದೆ, ಉದ್ದಕ್ಕೂ ಪಕ್ಕದಲ್ಲಿ ಕೂರಿಸಿಕೊಳ್ಳಲು ಅಲ್ಲ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

ಪೋಸ್ಟ್ ಮಾಯವಾದರೆ

ತಾಣವೇ ತೆಗೆದಿದ್ದರೆ ಅದರ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. 24 ಗಂಟೆಯೊಳಗೆ ಸ್ವೀಕೃತಿ ಬರಬೇಕು. ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಹೋಗಬಹುದು. ಸರ್ಕಾರ 69ಎ ಅಡಿ ತಡೆದಿದ್ದರೆ, 2009ರ ನಿಯಮಗಳಂತೆ ಬರೆದವರನ್ನು ಅಥವಾ ತಾಣವನ್ನು ಗುರುತಿಸಿ ನೋಟಿಸು ಕೊಟ್ಟು ಉತ್ತರಿಸಲು ಕನಿಷ್ಠ 48 ಗಂಟೆ ಕೊಡಬೇಕು. ತುರ್ತು ಸಂದರ್ಭಕ್ಕೆ ವಿನಾಯಿತಿಯಿದೆ. ವಾಸ್ತವದಲ್ಲಿ ‘ಅಥವಾ’ ಎಂಬ ಆ ಪದದ ಸಂದಿಯಲ್ಲಿ ಬರೆದವರಿಗೆ ಸುದ್ದಿಯೇ ಮುಟ್ಟುವುದಿಲ್ಲ, ಆದೇಶವೂ ಗೋಪ್ಯ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವುದೇ ಉಳಿದ ದಾರಿ. ನಮ್ಮ ಹೈಕೋರ್ಟ್‌ನಲ್ಲಿ ಈ ಹಾದಿ ಸದ್ಯ ಕಡಿದಾಗಿದೆ: ತಡೆ ಆದೇಶಗಳನ್ನು ಪ್ರಶ್ನಿಸಿದ ಟ್ವಿಟರ್ ಅರ್ಜಿಯನ್ನು 2023ರ ಜೂನ್‌ 30ರಂದು 50 ಲಕ್ಷ ರೂಪಾಯಿ ದಂಡದೊಂದಿಗೆ ವಜಾ ಮಾಡಿದ ಕೋರ್ಟು, 2025ರ ಸೆಪ್ಟೆಂಬರ್‌ 24ರಂದು ತಾಣಗಳಿಗೆ ತೆರವು ಸೂಚನೆ ಕಳಿಸುವ ಸರ್ಕಾರದ ‘ಸಹಯೋಗ್’ ಪೋರ್ಟಲನ್ನು ಪ್ರಶ್ನಿಸಿದ ಅದೇ ಕಂಪನಿಯ ಅರ್ಜಿಯನ್ನೂ ತಳ್ಳಿಹಾಕಿತು. ಅವು ಕಂಪನಿಯ ಅರ್ಜಿಗಳು. ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಹಕ್ಕು ನಾಗರಿಕರದ್ದು. ಹಾಗಾಗಿ ಬರೆದವರೇ ಅರ್ಜಿದಾರರಾದರೆ ಪ್ರಕರಣದ ನೆಲೆ ಬೇರೆಯಾಗುತ್ತದೆ.

ಕೆಲಸದ ಮಾತು ಚುಟುಕಾಗಿ: 19ನೇ ವಿಧಿ ಮುಖ್ಯವಾಗಿ ಕಟ್ಟಿಹಾಕುವುದು ಸರ್ಕಾರವನ್ನು, ಖಾಸಗಿ ಕಂಪನಿಯ ವಿರುದ್ಧ ಅದನ್ನೇ ನೆಚ್ಚಿಕೊಳ್ಳಬೇಡಿ. ನೇಮಕಾತಿ ಪತ್ರದಲ್ಲಿರುವ ಸಾಮಾಜಿಕ ಜಾಲತಾಣ ನೀತಿಯನ್ನು ಓದಿ. ಕಂಪನಿಯ ಇಮೇಲ್ ವಿಳಾಸದಿಂದ ಮಾಡಿದ ಕಮಿಟ್‌ಗಳಿರುವ ಖಾತೆಯಲ್ಲಿ ಚುನಾವಣೆಯ ಜಗಳ ಬೇಡ. ಸರ್ಕಾರಿ ನೌಕರರಿಗೆ ನಡತೆ ನಿಯಮಗಳ ಬಿಗಿ ಪ್ರತ್ಯೇಕವಾಗಿಯೇ ಇದೆ.

ಬರೆದದ್ದಕ್ಕೆ ಬೆದರಿಕೆ ಬಂದರೆ, ಮನೆ ವಿಳಾಸ ಹರಿದಾಡಿದರೆ ದೂರುದಾರರು ನೀವೇ. ಹೆಸರು ಮರೆಸಿ ಬೆದರಿಸುವುದಕ್ಕೆ ನ್ಯಾಯ ಸಂಹಿತೆಯ 351(4), ಹೆಣ್ಣುಮಕ್ಕಳನ್ನು ಆನ್‌ಲೈನಿನಲ್ಲಿ ಹಿಂಬಾಲಿಸುವುದಕ್ಕೆ 78, ಬೇರೆಯವರ ಗುರುತು, ಪಾಸ್‌ವರ್ಡ್ ದುರ್ಬಳಕೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಾಗಲೀ ಹತ್ತಿರದ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯಲ್ಲಾಗಲೀ ದೂರು ಕೊಡಬಹುದು. ವ್ಯಾಪ್ತಿ ನಮ್ಮದಲ್ಲ ಎಂದು ಯಾವ ಠಾಣೆಯೂ ಸಂಜ್ಞೇಯ ಅಪರಾಧದ ದೂರನ್ನು ತಿರಸ್ಕರಿಸುವಂತಿಲ್ಲ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟಿದ್ದರೂ ಉಚಿತ ನೆರವಿಗೆ ಅರ್ಹರು. ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಪ್ರಾಧಿಕಾರದ ಕಚೇರಿಯಲ್ಲಿ ಕನ್ನಡದಲ್ಲೇ ಅರ್ಜಿ ಬರೆದುಕೊಡಬಹುದು.